ಚರ್ಚ್‌ನಲ್ಲಿ ಹಾಡೋರು ಲವ್ ಸಾಂಗ್ ಹಾಡಬಾರದಾ? ಒಂದು ಪ್ರಾರ್ಥನಾ ಗೀತೆ ಹೇಳುವ ಕಥೆ

 

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡೋಣ. ಭಾನುವಾರ ಬೆಳಿಗ್ಗೆ ಚರ್ಚ್ ಕ್ವೈರ್‌ನಲ್ಲಿ ಗಿಟಾರ್ ನುಡಿಸುವ ಹುಡುಗ, ಶನಿವಾರ ರಾತ್ರಿ ಕಾಲೇಜ್ ಫೆಸ್ಟ್‌ನಲ್ಲಿ ಪ್ರೇಮಗೀತೆ ನುಡಿಸಿದರೆ ತಪ್ಪಾ? ಕೆಲವು ಮನೆಗಳಲ್ಲಿ ಇದೊಂದು ಪ್ರಶ್ನೆಯೇ ಅಲ್ಲ. ಇನ್ನು ಕೆಲವು ಮನೆಗಳಲ್ಲಿ ಇದೇ ವಿಷಯಕ್ಕೆ ಅಪ್ಪ-ಮಗನ ನಡುವೆ ಮಾತೇ ನಿಂತುಹೋಗುತ್ತೆ.

ಈ ಜಗಳ ಅತ್ಯಂತ ಜೋರಾಗಿ ನಡೆದದ್ದು ಕಳೆದ ಶತಮಾನದ ಅಮೆರಿಕದಲ್ಲಿ, ಕಪ್ಪು ಜನರ ಚರ್ಚ್‌ಗಳಲ್ಲಿ. ಹಾಗಾಗಿ ಅಲ್ಲಿಗೇ ಹೋಗೋಣ.

ಪೋಲಿ ಹಾಡಿನಿಂದ ಪ್ರಾರ್ಥನೆಗೆ

ಥಾಮಸ್ ಡಾರ್ಸಿ ಹುಟ್ಟಿದ್ದು 1899ರಲ್ಲಿ, ಜಾರ್ಜಿಯಾ ರಾಜ್ಯದಲ್ಲಿ. ಅಪ್ಪ ಬೋಧಕರು. ಮಗ ಮಾತ್ರ ಷಿಕಾಗೋಗೆ ಹೋಗಿ ಬ್ಲೂಸ್ ಪಿಯಾನೋ ವಾದಕನಾದ. 'ಜಾರ್ಜಿಯಾ ಟಾಮ್' ಅನ್ನೋ ಹೆಸರಲ್ಲಿ 1928ರಲ್ಲಿ ಟ್ಯಾಂಪಾ ರೆಡ್ ಜೊತೆ ಸೇರಿ ಮಾಡಿದ ಒಂದು ಪೋಲಿ ಹಾಡು ದೊಡ್ಡ ಹಿಟ್ ಆಯ್ತು.

ಇದೇ ಡಾರ್ಸಿ ಚರ್ಚ್‌ಗೂ ಹಾಡು ಬರೆಯೋಕೆ ಶುರು ಮಾಡಿದ. ಪದಗಳು ಭಕ್ತಿಯವು, ಲಯ ಮಾತ್ರ ಬ್ಲೂಸ್‌ನದ್ದು. 'ಬಾರ್‌ನಲ್ಲಿ ಕೇಳೋ ಸಂಗೀತ ಇಲ್ಲಿಗ್ಯಾಕೆ?' ಅಂತ ಎಷ್ಟೋ ಚರ್ಚ್‌ಗಳು ಬಾಗಿಲು ಹಾಕಿದವು.

1932ರ ಆಗಸ್ಟ್. ಡಾರ್ಸಿ ಸೇಂಟ್ ಲೂಯಿಸ್‌ನಲ್ಲಿ ಒಂದು ಧಾರ್ಮಿಕ ಸಭೆಗೆ ಹೋಗಿದ್ದಾಗ ಸುದ್ದಿ ಬಂತು: ಹೆರಿಗೆಯಲ್ಲಿ ಹೆಂಡತಿ ನೆಟ್ಟಿ ತೀರಿಕೊಂಡಿದ್ದಾಳೆ. ಸ್ವಲ್ಪ ಹೊತ್ತಲ್ಲೇ ಮಗುವೂ ಹೋಯ್ತು. ಆ ದುಃಖದಲ್ಲಿ ಅವನು ಬರೆದದ್ದೇ 'ಟೇಕ್ ಮೈ ಹ್ಯಾಂಡ್, ಪ್ರೆಶಸ್ ಲಾರ್ಡ್'. ದೇವರೇ, ನನ್ನ ಕೈ ಹಿಡಿದು ನಡೆಸು ಅನ್ನೋ ಮೊರೆ ಅದು. ಇವತ್ತು ಡಾರ್ಸಿಯನ್ನ 'ಗಾಸ್ಪೆಲ್ ಸಂಗೀತದ ಪಿತಾಮಹ' ಅಂತ ಕರೀತಾರೆ. ಅಂದ್ರೆ ಇವತ್ತು ನಾವು 'ಶುದ್ಧ ಚರ್ಚ್ ಸಂಗೀತ' ಅಂದುಕೊಂಡಿರೋ ಗಾಸ್ಪೆಲ್‌ನ ಒಂದು ಬೇರು ಬ್ಲೂಸ್ ಮಣ್ಣಲ್ಲೇ ಇದೆ. ಈ ಹಾಡನ್ನ ನೆನಪಿಟ್ಕೊಳ್ಳಿ, ಮತ್ತೆ ಬರುತ್ತೆ.

ಒಲ್ಲೆ ಅಂದವಳು

ಡಾರ್ಸಿಯ ಹಾಡುಗಳನ್ನ ಜನರಿಗೆ ತಲುಪಿಸಿದವರಲ್ಲಿ ಮುಖ್ಯರು ಮಹೇಲಿಯಾ ಜಾಕ್ಸನ್. ನ್ಯೂ ಆರ್ಲಿಯನ್ಸ್‌ನಲ್ಲಿ ಚಿಕ್ಕವಳಿದ್ದಾಗ ಬೆಸ್ಸಿ ಸ್ಮಿತ್‌ಳ ಬ್ಲೂಸ್ ಕೇಳಿ ಬೆಳೆದ ಹುಡುಗಿ. ಅಂಥ ದನಿಗೆ ನೈಟ್‌ಕ್ಲಬ್‌ಗಳ ಕರೆ ಬಾರದೇ ಇರುತ್ತಾ? ಬಂತು. ಆದರೆ ಬ್ಲೂಸ್ ಹಾಡಲ್ಲ ಅಂತ ಆಕೆ ಕೊನೆವರೆಗೂ ಪಟ್ಟು ಹಿಡಿದರು.

ಇದನ್ನ ಹಳೇಕಾಲದ ಮಡಿವಂತಿಕೆ ಅಂತ ತಳ್ಳಿಹಾಕೋದು ಸುಲಭ. ಸ್ವಲ್ಪ ನಿಲ್ಲಿ. ಆಗ ಕಪ್ಪು ಜನರಿಗೆ ತಮ್ಮದು ಅಂತ ಪೂರ್ತಿಯಾಗಿ ಹೇಳಿಕೊಳ್ಳೋಕೆ ಇದ್ದ ಜಾಗಗಳು ಬಹಳ ಕಡಿಮೆ. ಅದರಲ್ಲಿ ಮೊದಲನೆಯದು ಚರ್ಚ್. ಗಾಯಕಿಯ ದನಿ ಅಂದ್ರೆ ಆ ಸಮುದಾಯದ ಆಸ್ತಿ ಇದ್ದಹಾಗೆ. ಅದು ಹೊರಗೆ ದುಡ್ಡಿಗೆ ಹೋದಾಗ 'ನಮ್ಮದನ್ನ ಮಾರಿಬಿಟ್ಟರು' ಅನ್ನೋ ನೋವು ಸಹಜವಾಗಿತ್ತು.

ಹೆಸರು ಬದಲಿಸಿ ಹಾಡಿದವನು

ಆ ನೋವನ್ನ ನೇರವಾಗಿ ಎದುರಿಸಿದವರು ಸ್ಯಾಮ್ ಕುಕ್. ಇವರೂ ಬೋಧಕರ ಮಗ. 'ಸೋಲ್ ಸ್ಟಿರರ್ಸ್' ಅನ್ನೋ ಗಾಸ್ಪೆಲ್ ತಂಡದ ಸ್ಟಾರ್. 1956ರಲ್ಲಿ ಒಂದು ಪ್ರೇಮಗೀತೆ ರೆಕಾರ್ಡ್ ಮಾಡಿದರು, 'ಡೇಲ್ ಕುಕ್' ಅನ್ನೋ ಸುಳ್ಳು ಹೆಸರಲ್ಲಿ! ಆ ಹಾಡೂ ಹೊಸದೇನಲ್ಲ. ತಮ್ಮದೇ ತಂಡದ 'ವಂಡರ್‌ಫುಲ್' ಭಕ್ತಿಗೀತೆಯ ಪದ ಬದಲಿಸಿ 'ಲವಬಲ್' ಮಾಡಿದ್ದರು. ಹೆಸರು ಬದಲಿಸಬಹುದು, ದನಿ ಬದಲಿಸೋಕಾಗುತ್ತಾ? ಅಭಿಮಾನಿಗಳು ತಕ್ಷಣ ಗುರುತು ಹಿಡಿದರು.

1957ರಲ್ಲಿ ತಂಡ ಬಿಟ್ಟರು. ಅದೇ ವರ್ಷ 'ಯೂ ಸೆಂಡ್ ಮಿ' ಅಮೆರಿಕದಲ್ಲಿ ನಂಬರ್ ಒನ್. ಅಪ್ಪ ಏನಂದರು? ಏನು ಹಾಡ್ತೀಯ ಅನ್ನೋದು ಮುಖ್ಯವಲ್ಲ, ದೇವರು ಕೊಟ್ಟ ದನಿಯನ್ನ ಹಂಚಿಕೊಂಡು ಜನರನ್ನ ಸಂತೋಷಪಡಿಸು ಅಂದರಂತೆ. ಇದನ್ನ ಸ್ಯಾಮ್ ಅವರೇ ಮುಂದೆ ಹೇಳಿಕೊಂಡಿದ್ದಾರೆ.

1963ರಲ್ಲಿ ಲೂಸಿಯಾನಾದ ಒಂದು ಹೋಟೆಲ್ ಕಪ್ಪು ಜನ ಅನ್ನೋ ಕಾರಣಕ್ಕೆ ಅವರಿಗೆ ರೂಮ್ ಕೊಡಲಿಲ್ಲ. ಮರುವರ್ಷ ಬಂದ 'ಎ ಚೇಂಜ್ ಈಸ್ ಗಾನಾ ಕಮ್' ನಾಗರಿಕ ಹಕ್ಕುಗಳ ಹೋರಾಟದ ಹಾಡಾಯ್ತು. ಅದು ಚರ್ಚ್ ಹಾಡಲ್ಲ. ಆದರೆ ಚರ್ಚ್‌ನಲ್ಲಿ ಪಳಗಿದ ದನಿ ಇಲ್ಲದಿದ್ದರೆ ಆ ಹಾಡು ಹಾಗೆ ಕೇಳಿಸ್ತಿರಲಿಲ್ಲ.

ಬೈಬಲ್ ಏನು ಹೇಳುತ್ತೆ?

ಬೈಬಲ್‌ನಲ್ಲೇ 'ಪರಮಗೀತೆ' ಅನ್ನೋ ಪುಸ್ತಕ ಇದೆ. ಓದಿ ನೋಡಿ, ಮೇಲ್ನೋಟಕ್ಕೆ ಅದು ಇಬ್ಬರು ಪ್ರೇಮಿಗಳ ಕಾವ್ಯ. ಹಾಗಾಗಿ ಪ್ರೀತಿಯ ಬಗ್ಗೆ ಹಾಡೋದೇ ಪಾಪ ಅನ್ನೋ ವಾದ ನಿಲ್ಲೋದು ಕಷ್ಟ.

ಪೌಲನು ಕೊರಿಂಥದವರಿಗೆ ಬರೆದ ಮೊದಲನೇ ಪತ್ರದಲ್ಲಿ ಎರಡು ಮಾತು ಒಟ್ಟಿಗೇ ಬರುತ್ತೆ. ಅಲ್ಲಿ ಜಗಳ ಸಂಗೀತದ್ದಲ್ಲ, ವಿಗ್ರಹಗಳಿಗೆ ಅರ್ಪಿಸಿದ ಮಾಂಸ ತಿನ್ನಬಹುದಾ ಅನ್ನೋದು. ತಿನ್ನೋದು, ಕುಡಿಯೋದು, ಏನೇ ಮಾಡಿದರೂ ದೇವರ ಮಹಿಮೆಗಾಗಿ ಮಾಡಿ ಅನ್ನೋದು ಒಂದು ಮಾತು. ನಿಮ್ಮ ಸ್ವಾತಂತ್ರ್ಯ ಇನ್ನೊಬ್ಬರು ಎಡವೋಕೆ ಕಾರಣ ಆಗದಿರಲಿ ಅನ್ನೋದು ಇನ್ನೊಂದು. ಹಾಡೋರು ಮೊದಲನೇ ಮಾತನ್ನ ಹಿಡಿದುಕೊಳ್ತಾರೆ, ತಡೆಯೋರು ಎರಡನೇದನ್ನ. ಪತ್ರ ಮಾತ್ರ ಎರಡನ್ನೂ ಕೇಳುತ್ತೆ.

ಎರಡು ಹಾಡು, ಒಂದೇ ಉಸಿರು

ಕೊನೆಯದಾಗಿ ಅರೀಥಾ ಫ್ರಾಂಕ್ಲಿನ್. ಅಪ್ಪ ಸಿ.ಎಲ್. ಫ್ರಾಂಕ್ಲಿನ್ ಹೆಸರಾಂತ ಬೋಧಕರು. ಮಗಳು 18ನೇ ವಯಸ್ಸಿಗೆ ಪಾಪ್ ಸಂಗೀತಕ್ಕೆ ಹೋದಾಗ ಬೆನ್ನಿಗೆ ನಿಂತವರೂ ಅವರೇ.

1972ರ ಜನವರಿ. 'ರೆಸ್ಪೆಕ್ಟ್' ಹಾಡಿ ಜಗತ್ತಿಗೇ ಸ್ಟಾರ್ ಆಗಿದ್ದ ಅರೀಥಾ, ಲಾಸ್ ಏಂಜಲೀಸ್‌ನ ಒಂದು ಬ್ಯಾಪ್ಟಿಸ್ಟ್ ಚರ್ಚ್‌ನಲ್ಲಿ ಎರಡು ರಾತ್ರಿ ಹಾಡಿದರು. ಆಕೆ ಚರ್ಚ್ ಬಿಟ್ಟು ಹೋಗಿಯೇ ಇರಲಿಲ್ಲ ಅಂತ ಅಪ್ಪ ಅಲ್ಲೇ ಎದ್ದು ನಿಂತು ಹೇಳಿದರು. ಅಲ್ಲಿ ಆಕೆ ಡಾರ್ಸಿಯ ಅದೇ 'ಪ್ರೆಶಸ್ ಲಾರ್ಡ್' ಹಾಡನ್ನ, ಕ್ಯಾರೋಲ್ ಕಿಂಗ್ ಬರೆದ 'ಯೂವ್ ಗಾಟ್ ಎ ಫ್ರೆಂಡ್' ಅನ್ನೋ ಪಾಪ್ ಹಾಡಿನ ಜೊತೆ ಹೆಣೆದು ಹಾಡಿದರು. ಒಂದರಲ್ಲಿ ಕೈ ಹಿಡಿಯೋದು ದೇವರು, ಇನ್ನೊಂದರಲ್ಲಿ ಗೆಳೆಯ. ಚರ್ಚ್ ತುಂಬ ಚಪ್ಪಾಳೆ. ಆ ಎರಡು ರಾತ್ರಿಗಳಿಂದ ಬಂದದ್ದೇ 'ಅಮೇಜಿಂಗ್ ಗ್ರೇಸ್' ಆಲ್ಬಂ.

ಅದೇ ತಿಂಗಳ ಕೊನೆಗೆ ಮಹೇಲಿಯಾ ತೀರಿಕೊಂಡರು. ಬ್ಲೂಸ್ ಹಾಡಲ್ಲ ಅಂತ ಪಟ್ಟು ಹಿಡಿದಿದ್ದ ಆ ತಾಯಿಯ ಅಂತ್ಯಸಂಸ್ಕಾರದಲ್ಲಿ ಹಾಡಿದವರು ಯಾರು ಗೊತ್ತಾ? ಪಾಪ್ ಸ್ಟಾರ್ ಅರೀಥಾ. ಹಾಡು ಮತ್ತೆ ಅದೇ, 'ಪ್ರೆಶಸ್ ಲಾರ್ಡ್'.

ಹಾಗಾದರೆ ಆ ಗಿಟಾರ್ ಹುಡುಗನಿಗೆ ಏನು ಹೇಳೋಣ? ಮಹೇಲಿಯಾಗೆ ಒಲ್ಲೆ ಅನ್ನೋ ಸ್ವಾತಂತ್ರ್ಯ ಇತ್ತು, ಅರೀಥಾಗೆ ಹೂಂ ಅನ್ನೋ ಸ್ವಾತಂತ್ರ್ಯ ಇತ್ತು. ಇಬ್ಬರ ನಂಬಿಕೆಯೂ ಗಟ್ಟಿಯಾಗೇ ಇತ್ತು. ಹೆಸರು ಮುಚ್ಚಿಟ್ಟು ನುಡಿಸಬೇಕಾದ ಪರಿಸ್ಥಿತಿ ಮಾತ್ರ ಅವನಿಗೆ ಬಾರದಿರಲಿ. ಅದಕ್ಕೆ ಅವನೊಬ್ಬನೇ ಅಲ್ಲ, ಮನೆಯವರೂ ಸ್ವಲ್ಪ ಕೂತು ಕೇಳಬೇಕು.