ಹಸಿ ಗಾಜು ಒಣಗುವುದರೊಳಗೆ ಹಿಮಾಲಯ!

ನಿಮಗೊಂದು ಸವಾಲು! ಹಿಮಾಲಯದ ಚಾರಣದಲ್ಲಿ ಎದುರಿಗೊಂದು ಶಿಖರ ಕಂಡಿತು ಎನ್ನಿ. ಜೇಬಿನಿಂದ ಮೊಬೈಲ್ ತೆಗೆದು ಫೋಟೊ ಹೊಡೆಯಲು ಎಷ್ಟು ಹೊತ್ತು ಬೇಕು? ಎರಡು ಸೆಕೆಂಡು? ಮೂರು?

ಸರಿ. ಈಗ ಅದೇ ಬೆಟ್ಟ, ಅದೇ ಬೆಳಕು. ಇಸವಿ ಮಾತ್ರ ಬೇರೆ. 1860ರ ದಶಕ! ಫೋಟೊ ತೆಗೆಯಲು ಎಷ್ಟು ಜನ ಬೇಕು? ಹೇಳಿ ನೋಡೋಣ. ಇಬ್ಬರು? ಐವರು?

ನಿಮ್ಮ ಊಹೆಯನ್ನು ಹಾಗೇ ಗಟ್ಟಿಯಾಗಿ ಹಿಡಿದುಕೊಳ್ಳಿ. ಮೊದಲು ಆ ಸಾಹಸಿಯನ್ನು ನೋಡಿಬಿಡೋಣ.

ಹೆಸರು ಸ್ಯಾಮ್ಯುಯೆಲ್ ಬೋರ್ನ್. ಊರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್. ಕೆಲಸ? ಬ್ಯಾಂಕ್ ಗುಮಾಸ್ತಿಕೆ! ಆ ಕೆಲಸಕ್ಕೆ ಸಲಾಮು ಹೊಡೆದು 1863ರಲ್ಲಿ ಭಾರತಕ್ಕೆ ಬಂದ. ಬಂದವನು ಸುಮ್ಮನೆ ಕೂರಲಿಲ್ಲ. ಅದೇ ವರ್ಷ ಶಿಮ್ಲಾದಿಂದ ಸಟ್ಲೆಜ್ ಕಣಿವೆ ಹಿಡಿದು ಹೊರಟೇಬಿಟ್ಟ. ಮರುವರ್ಷ ಕಾಶ್ಮೀರ. 1866ರಲ್ಲಿ ಸ್ಪಿತಿ, ಕಿನ್ನೌರ್, ಗಂಗೋತ್ರಿ. ಎಲ್ಲ ಕಡೆಗೂ ಕ್ಯಾಮೆರಾ ಜೊತೆಗೇ!

ಈಗ ಉತ್ತರ. ಮೊದಲ ಯಾತ್ರೆಗೇ ಅವನ ಜೊತೆ ನಡೆದ ಹೊರೆಯಾಳುಗಳು ಸುಮಾರು 30 ಮಂದಿ!

ಅಷ್ಟು ಜನ ಹೊತ್ತಿದ್ದಾದರೂ ಏನು? ಊಟ, ಹಾಸಿಗೆ, ಡೇರೆಗಳಂತೂ ಇದ್ದೇ ಇದ್ದವು. ಅದರ ಮೇಲೆ ಮರದ ದೊಡ್ಡ ಕ್ಯಾಮೆರಾ. ಮೂರು ಕಾಲಿನ ಸ್ಟ್ಯಾಂಡು. ಬಾಟಲಿಗಟ್ಟಲೆ ರಾಸಾಯನಿಕ. ನೂರಾರು ಗಾಜಿನ ಪ್ಲೇಟುಗಳು. ಹೌದು, ಗಾಜು! ಕಡಿದಾದ ಇಳಿಜಾರು, ಜಾರುವ ಮಂಜು, ಹಗ್ಗದ ಸೇತುವೆ, ಬೆನ್ನ ಮೇಲೆ ಗಾಜು! ಒಬ್ಬನ ಕಾಲು ಜಾರಿದರೆ ಎಷ್ಟೋ ವಾರಗಳ ಕೆಲಸ ಚೂರುಚೂರು.

ಇನ್ನೊಂದು ಹೊರೆ ಉಳಿಯಿತು. ಅದೇ ಎಲ್ಲಕ್ಕಿಂತ ವಿಚಿತ್ರ. ಫೋಟೊ ತೊಳೆಯುವ ಇಡೀ ಡಾರ್ಕ್ ರೂಮು! ಅದೂ ಬೆನ್ನ ಮೇಲೆಯೇ ಬೆಟ್ಟ ಹತ್ತುತ್ತಿತ್ತು!

ಏಕೆ? ಊರಿಗೆ ಮರಳಿದ ಮೇಲೆ ತೊಳೆಯಬಾರದಿತ್ತೇ? ಆಗದು! ಇಲ್ಲೇ ಇರುವುದು ಮೈ ಜುಮ್ಮೆನ್ನಿಸುವ ವಿಷಯ.

ಆಗ ಫಿಲ್ಮ್ ರೋಲ್ ಹುಟ್ಟಿರಲಿಲ್ಲ. ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವ ಸುರಿಯಬೇಕು. ಈ ಕೊಲೋಡಿಯನ್ ಯಾವುದರಿಂದ ಆಗುತ್ತದೆ ಗೊತ್ತೇ? ಸಿಡಿಯುವ ಹತ್ತಿಯಿಂದ! ಹತ್ತಿಯನ್ನು ಆಮ್ಲಗಳಲ್ಲಿ ಅದ್ದಿ ತೆಗೆದರೆ ಅದು ಸಿಡಿಮದ್ದಾಗುತ್ತದೆ. ಅದನ್ನು ಈಥರ್ ಮತ್ತು ಆಲ್ಕೋಹಾಲಿನಲ್ಲಿ ಕರಗಿಸಿದರೆ ಕೊಲೋಡಿಯನ್!

ಸುರಿದ ಮೇಲೆ ನೀರುದೋಸೆಯ ಕಾವಲಿಯನ್ನು ತಿರುಗಿಸುವ ಹಾಗೆ ಗಾಜನ್ನು ಆಚೆ ಈಚೆ ಓರೆಮಾಡಿ ದ್ರವವನ್ನು ಅಂಚಿನವರೆಗೆ ಹರಡಬೇಕು. ಒಂದು ಧೂಳಿನ ಕಣ ಬಿದ್ದರೂ ಚಿತ್ರ ಹಾಳು. ಬಳಿಕ ಕತ್ತಲೆಯ ಡೇರೆಯೊಳಗೆ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಮುಳುಗಿಸಬೇಕು. ಈಗ ಗಾಜಿಗೆ ಕಣ್ಣು ಬಂತು!

ಆದರೆ ಆ ಕಣ್ಣು ತೆರೆದಿರುವುದು ಎಷ್ಟು ಹೊತ್ತು? ಒಂದು ದಿನ? ಒಂದು ಗಂಟೆ?

ಸುಮಾರು ಹತ್ತೇ ನಿಮಿಷ!

ಪ್ಲೇಟು ಒಣಗಿದರೆ ಕುರುಡು. ಆ ಹತ್ತು ನಿಮಿಷದಲ್ಲಿ ಡೇರೆಯಿಂದ ಹೊರಗೆ ಓಡಬೇಕು. ಪ್ಲೇಟನ್ನು ಕ್ಯಾಮೆರಾಕ್ಕೆ ಹಾಕಬೇಕು. ಲೆನ್ಸಿನ ಮುಚ್ಚಳ ಕೈಯಲ್ಲೇ ತೆಗೆಯಬೇಕು. ಬಾಯಲ್ಲೇ ಸೆಕೆಂಡು ಎಣಿಸಬೇಕು. ಮುಚ್ಚಳ ಹಾಕಿ ಮತ್ತೆ ಡೇರೆಗೆ ಓಡಬೇಕು. ಹಸಿ ಇರುವಾಗಲೇ ಚಿತ್ರ ಮೂಡಿಸಿ, ತೊಳೆಯಬೇಕು. ತೊಳೆಯಲು ನೀರು? ಕೊರೆಯುವ ಹಿಮದ ನೀರು!

ಇಷ್ಟನ್ನೂ ಎಷ್ಟು ಎತ್ತರದಲ್ಲಿ ಮಾಡಿದ ಎನ್ನುತ್ತೀರಿ? ಹತ್ತು ಸಾವಿರ ಅಡಿ? ಮೇಲೆ ಹೋಗಿ. ಹದಿನೈದು ಸಾವಿರ? ಇನ್ನೂ ಮೇಲೆ!

1866ರಲ್ಲಿ ಮನಿರಂಗ್ ಪಾಸ್ ಎಂಬ ಬೆಟ್ಟದ ದಾರಿ. ಬೋರ್ನ್ ಬರೆದಿಟ್ಟ ಎತ್ತರ 18,600 ಅಡಿ! ಎವರೆಸ್ಟ್ ಏರುವವರು ನೇಪಾಳದ ಕಡೆ ಡೇರೆ ಹೂಡುವ ಬೇಸ್ ಕ್ಯಾಂಪಿಗಿಂತಲೂ ಮೇಲೆ! ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಅಂಥ ಕಡೆ ಬೆರಳು ಮರಗಟ್ಟುವ ಚಳಿಯಲ್ಲಿ ಗಾಜಿನ ಮೇಲೆ ದ್ರವ ಹರಡಿ, ಓಡಿ, ಎಣಿಸಿ, ತೊಳೆದು ಚಿತ್ರ ತೆಗೆದ! ಅದಕ್ಕಿಂತ ಎತ್ತರದಲ್ಲಿ ಫೋಟೊ ತೆಗೆಯಲು ಜಗತ್ತಿಗೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತು.

ಅದೇ ಯಾತ್ರೆಯಲ್ಲಿ ಗಂಗೋತ್ರಿ ಹಿಮನದಿಗೂ ಹೋದ. ಗಂಗೆ ಹಿಮದ ಗುಹೆಯಿಂದ ಹೊರಬೀಳುವ ಗೋಮುಖ! ಅದೂ ಗಾಜಿನ ಮೇಲೆ ಇಳಿಯಿತು. ಅಂದಿನಿಂದ ಹಿಮನದಿ ಹಿಂದೆ ಹಿಂದೆ ಸರಿಯುತ್ತಲೇ ಬಂದಿದೆ. ಬೋರ್ನ್ ಕಂಡ ಗುಹೆಯ ಬಾಯಿ ಇಂದು ಆ ಜಾಗದಲ್ಲಿ ಇಲ್ಲ. ಚಿತ್ರದಲ್ಲಿ ಇದೆ!

ಈಗ ಆ ಚಿತ್ರಗಳನ್ನೇ ದಿಟ್ಟಿಸಿ. ದೇವದಾರು ಮರಗಳೆಲ್ಲ ಕಪ್ಪು. ಹಲವು ಚಿತ್ರಗಳಲ್ಲಿ ಆಕಾಶ ಬರೀ ಬಿಳಿ. ಮೋಡ ಎಲ್ಲಿ ಹೋಯಿತು? ಹೊಳೆ ಹಾಲಿನ ನೊರೆಯಾಗಿದ್ದು ಹೇಗೆ?

ಇಗೋ ಗುಟ್ಟು! ಆ ಪ್ಲೇಟಿಗೆ ಕಾಣುತ್ತಿದ್ದದ್ದು ಮುಖ್ಯವಾಗಿ ನೀಲಿ ಬೆಳಕು. ಹಸಿರು ಕತ್ತಲಾಯಿತು. ನೀಲಿ ಆಕಾಶ ಮಿತಿಮೀರಿ ಬೆಳಗಿ ಮೋಡವನ್ನೇ ನುಂಗಿತು. ಮುಚ್ಚಳ ತೆರೆದ ಆ ಕೆಲವು ಸೆಕೆಂಡುಗಳಲ್ಲಿ ಹರಿದ ನೀರೆಲ್ಲ ಒಂದೇ ಚಿತ್ರದಲ್ಲಿ ಸೇರಿಕೊಂಡಿತು!

ಇನ್ನೂ ಇದೆ! ಆಗ ಚಿತ್ರವನ್ನು ದೊಡ್ಡದು ಮಾಡುವುದು ಸುಲಭವಿರಲಿಲ್ಲ. ಗಾಜು ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ಅದಕ್ಕೇ ಬೋರ್ನ್ 12 ಅಂಗುಲ ಉದ್ದ, 10 ಅಂಗುಲ ಅಗಲದ ಗಾಜುಗಳನ್ನು ಬೆಟ್ಟ ಹತ್ತಿಸಿದ. ಚಿತ್ರ ಮೂಡಿದ ಗಾಜನ್ನು ಕಾಗದಕ್ಕೆ ಒತ್ತಿ ಬಿಸಿಲಿಗಿಟ್ಟರೆ ಚಿತ್ರ ಅಚ್ಚಾಗುತ್ತಿತ್ತು. ಆ ಕಾಗದಕ್ಕೆ ಬಳಿದಿದ್ದೇನು? ಮೊಟ್ಟೆಯ ಬಿಳಿ!

ಸಿಡಿಯುವ ಹತ್ತಿ, ಬೆಳ್ಳಿ, ಮೊಟ್ಟೆ, ಬಿಸಿಲು. ಇವು ಸೇರಿ ಹಿಮಾಲಯವಾದವು!

1870ರ ಸುಮಾರಿಗೆ ಬೋರ್ನ್ ಇಂಗ್ಲೆಂಡಿಗೆ ಮರಳಿದ. ಬೋರ್ನ್ ಅಂಡ್ ಶೆಫರ್ಡ್ ಎಂಬ ಅವನ ಹೆಸರಿನ ಸ್ಟುಡಿಯೊ ಕೋಲ್ಕತ್ತದಲ್ಲಿ ಬಾಗಿಲು ಹಾಕಿದ್ದು ಯಾವಾಗ? 1900? 1947? ಅಲ್ಲವೇ ಅಲ್ಲ. 2016!

ಆದರೆ ಒಂದು ಮಾತು ಹೇಳದೆ ಬಿಡಲಾರೆ. ಚಿತ್ರಗಳ ಮೇಲೆ ಇರುವುದು ಒಬ್ಬನದೇ ಹೆಸರು. ಗಾಜು ಒಡೆಯದಂತೆ ಪಾಸು ದಾಟಿಸಿದ ಬೆನ್ನುಗಳು ಮಾತ್ರ ಹತ್ತಾರು. ಅವರಿಲ್ಲದೆ ಈ ಚಿತ್ರಗಳಲ್ಲಿ ಒಂದೂ ಇರುತ್ತಿರಲಿಲ್ಲ. ಮೆಚ್ಚುಗೆಯಲ್ಲಿ ಅವರಿಗೂ ಸಮಪಾಲು ಸಲ್ಲಲೇಬೇಕು.

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ಬ್ರಿಟಿಷ್ ಲೈಬ್ರರಿಗಳಲ್ಲಿ ಬೋರ್ನ್ ಚಿತ್ರಗಳಿವೆ. ಅಂತರ್ಜಾಲದಲ್ಲೂ ಸಿಗುತ್ತವೆ. ಇಂದೇ ಹುಡುಕಿ. ದೊಡ್ಡದು ಮಾಡಿ, ಬಂಡೆ ಬಂಡೆಯನ್ನೂ ನೋಡಿ. ಮಕ್ಕಳಿಗೂ ತೋರಿಸಿ, ಫೋಟೊಗೆ ಎಷ್ಟು ಜನ ಬೇಕಾಯಿತೆಂದು ಮೊದಲು ಅವರೇ ಊಹಿಸಲಿ!