ಹೆವಿ ಪ್ಲೇಟ್ ಹಾಕಿಸಿದರೆ ಕ್ಲಚ್ ಸುಡುವುದಿಲ್ಲವೇ?

ಚನ್ನಗಿರಿ ಸೀಮೆಯಲ್ಲಿ ಅಡಿಕೆ ಕೊಯ್ಲು ಶುರುವಾದರೆ ಕೇಣಿದಾರರ ಪಿಕಪ್‌ಗಳಿಗೆ ಬಿಡುವಿಲ್ಲ. ಹಸಿ ಅಡಿಕೆ ತುಂಬಿಕೊಂಡು, ನೆನೆದ ತೋಟದಿಂದ ರಿವರ್ಸ್ ಬಂದು, ಚಾನಲ್ ಏರಿ ಹತ್ತಿ ಟಾರು ರಸ್ತೆ ಮುಟ್ಟುವಷ್ಟರಲ್ಲಿ ಕ್ಯಾಬಿನ್ ತುಂಬಾ ಸುಟ್ಟ ವಾಸನೆ. ಜಗಳೂರಿನ ಈರುಳ್ಳಿ, ಹೊನ್ನಾಳಿಯ ಭತ್ತ, ನ್ಯಾಮತಿಯ ಮೆಕ್ಕೆಜೋಳ ಹೊರುವ ಗಾಡಿಗಳ ಪಾಡೂ ಇದೇ. ಗ್ಯಾರೇಜಿಗೆ ಬಂದ ಮಾಲೀಕರ ಮೊದಲ ಮಾತು: "ಇರೋದ್ರಲ್ಲೇ ಹೆವಿ ಪ್ಲೇಟ್ ಹಾಕಿಬಿಡಿ, ಇನ್ಮೇಲೆ ಸುಡಬಾರದು."

ಲೋಡ್ ಜಾಸ್ತಿಯಾದರೆ ಕ್ಲಚ್ ಜಾಸ್ತಿ ಬಲ ತಡೆಯಬೇಕು ಅನ್ನುವುದು ಈ ಮಾತಿನ ಹಿಂದಿನ ನಂಬಿಕೆ. ಕೇಳಲು ಸರಿಯಾಗಿಯೇ ಇದೆ, ಆದರೆ ನಿಜವಲ್ಲ. ಕ್ಲಚ್ ತಡೆಯಬೇಕಾದ್ದು ಎಂಜಿನ್ನಿನ ಟಾರ್ಕನ್ನು. ಬೊಲೆರೊ ಪಿಕಪ್‌ನ 2,523 ಸಿಸಿ ಡೀಸೆಲ್ ಎಂಜಿನ್ ಕೊಡುವುದು ಹೆಚ್ಚೆಂದರೆ, ಮಾದರಿಗೆ ತಕ್ಕಂತೆ, ಸುಮಾರು 195ರಿಂದ 220 ನ್ಯೂಟನ್ ಮೀಟರ್. ಹಿಂದೆ ಒಂದು ಟನ್ ಇರಲಿ, ಮೂರು ಟನ್ ಇರಲಿ, ಅದು ಅಷ್ಟೇ. ಕಂಪನಿಯವರು ಅದಕ್ಕಿಂತ ಹೆಚ್ಚು ತಡೆಯುವ ಹಾಗೆಯೇ ಪ್ಲೇಟ್ ಮಾಡಿರುತ್ತಾರೆ. ಪೆಡಲ್ ಪೂರ್ತಿ ಬಿಟ್ಟು ಓಡುತ್ತಿರುವಾಗ ಸರಿಯಿರುವ ಕ್ಲಚ್‌ಗೆ ಲೋಡಿನ ಗೊಡವೆಯೇ ಇಲ್ಲ.

ಸುಡುವುದು ಗಾಡಿ ಹೊರಡುವ ಆ ಎರಡು ಮೂರು ಸೆಕೆಂಡಿನಲ್ಲಿ. ಫ್ಲೈವೀಲ್ ತಿರುಗುತ್ತಿರುತ್ತದೆ, ಚಕ್ರ ನಿಂತಿರುತ್ತದೆ, ಪ್ಲೇಟ್ ನಡುವೆ ಉಜ್ಜುತ್ತಿರುತ್ತದೆ. ಒಟ್ಟು ತೂಕ ದುಪ್ಪಟ್ಟಾದರೆ ಈ ಉಜ್ಜಾಟದ ಶಾಖವೂ ಹೆಚ್ಚುಕಡಿಮೆ ದುಪ್ಪಟ್ಟು. ಏರು ಇದ್ದರೆ ಇನ್ನೂ ಹೆಚ್ಚು. ಫಸ್ಟ್ ಗೇರ್ ಬಿಟ್ಟು ಸೆಕೆಂಡಿನಲ್ಲಿ ಹೊರಡುವವರು ನಮ್ಮಲ್ಲಿ ಬಹಳ. ಅದೇ ಎಂಜಿನ್ ವೇಗಕ್ಕೆ ಸೆಕೆಂಡ್ ಗೇರಿನಲ್ಲಿ ಗಾಡಿ 1.8 ಪಟ್ಟು ಜೋರಾಗಿ ಹೋಗುತ್ತದೆ ಅಂತಿಟ್ಟುಕೊಳ್ಳಿ. ಶಾಖ ಏರುವುದು ವೇಗದ ವರ್ಗದ ಲೆಕ್ಕದಲ್ಲಿ, ಅಂದರೆ ಮೂರು ಪಟ್ಟಿಗೂ ಮೇಲೆ. ಹೊರೆಯ ಲೆಕ್ಕವನ್ನೂ ಕಣ್ಣಳತೆಗೆ ಬಿಡಬಾರದು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಅಡಿಕೆ ತೋಟಗಳಿಗೆ ಟ್ಯಾಂಕರ್ ನೀರು ಹೊಡೆಸಿದ್ದು ಎಲ್ಲರಿಗೂ ನೆನಪಿದೆ. ಪಿಕಪ್ ಮೇಲೆ 2,000 ಲೀಟರಿನ ಟ್ಯಾಂಕ್ ಇಟ್ಟು ತುಂಬಿಸಿದರೆ ಬರೀ ನೀರೇ ಎರಡು ಟನ್. 1.7 ಟನ್ ಹೊರುವ ಗಾಡಿಗೆ ಅದೇ ಮಿತಿ ಮೀರಿದ ಹೊರೆ.

ಹಾಗಾಗಿ ಯಾವ ಪ್ಲೇಟ್ ಹಾಕಲಿ ಎನ್ನುವುದಕ್ಕಿಂತ ಮೊದಲು, ಹಳೆಯದು ಯಾಕೆ ಸುಟ್ಟಿತು ಎಂದು ಕೇಳಬೇಕು. ಅದಕ್ಕೆ ಉತ್ತರ ಹಳೇ ಪ್ಲೇಟಿನ ಮೇಲೇ ಇರುತ್ತದೆ. ಗೇರ್ ಬಾಕ್ಸ್ ಇಳಿಸಿದಾಗ ಅದನ್ನು ಕೈಗೆ ತೆಗೆದುಕೊಂಡು ನೋಡಿ. ಎರಡೂ ಕಡೆ ಸಮನಾಗಿ ರಿವೆಟ್‌ವರೆಗೆ ಸವೆದಿದ್ದರೆ ಅದು ಆಯಸ್ಸು ಮುಗಿಸಿ ಹೋಗಿದೆ, ಯಾರ ತಪ್ಪೂ ಅಲ್ಲ. ಲೈನಿಂಗ್ ದಪ್ಪ ಉಳಿದೇ ಕಪ್ಪಾಗಿ, ಗಾಜಿನಂತೆ ಹೊಳೆಯುತ್ತಿದ್ದರೆ ಡ್ರೈವರ್ ಹಾಫ್ ಕ್ಲಚ್‌ನಲ್ಲೇ ಕಾಲಿಟ್ಟುಕೊಂಡಿದ್ದಾನೆ, ಇಲ್ಲವೇ ಪೆಡಲಿಗೆ ಆಟವೇ ಇಲ್ಲ. ಎಣ್ಣೆ ಅಂಟಿದ್ದರೆ ಮೂಸಿ ನೋಡಿ: ಗಂಧಕದಂಥ ಘಾಟು ಬಂದರೆ ಗೇರ್ ಬಾಕ್ಸಿನ ಸೀಲ್ ಹೋಗಿದೆ, ಇಲ್ಲದಿದ್ದರೆ ಎಂಜಿನ್ನಿನ ಹಿಂದಿನ ಸೀಲ್. ಆ ಸೀಲ್ ಬದಲಿಸದೆ ಚಿನ್ನದ ಪ್ಲೇಟ್ ಹಾಕಿದರೂ ಉಳಿಯುವುದಿಲ್ಲ.

"ಟ್ರ್ಯಾಕ್ಟರ್‌ಗೆ ಹಾಕೋ ಹಾಗೆ ಬಟನ್ ಪ್ಲೇಟ್ ಹಾಕಿಸಿದರೆ?" ಸೆರಾಮಿಕ್ ಬಟನ್ ಪ್ಲೇಟ್ ಶಾಖ ಹೆಚ್ಚು ತಡೆಯುತ್ತದೆ, ನಿಜ. ಟ್ರ್ಯಾಕ್ಟರಿನಲ್ಲಿ ಅದನ್ನು ಕಂಡ ರೈತರಿಗೆ ನಂಬಿಕೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದು ಮೆತ್ತಗೆ ಹಿಡಿಯುವುದಿಲ್ಲ, ಗಪ್ಪನೆ ಕಚ್ಚುತ್ತದೆ. ಕಚ್ಚಿದ ಜರ್ಕ್ ಗೇರಿನ ಹಲ್ಲಿಗೂ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿಗೂ ಕ್ರೌನ್ ಪಿನಿಯನ್ನಿಗೂ ಹೋಗುತ್ತದೆ, ಫ್ಲೈವೀಲ್ ಬೇಗ ಸವೆಯುತ್ತದೆ. ಸಂತೆಯ ಇಕ್ಕಟ್ಟಿನಲ್ಲಿ ಇಂಚಿಂಚು ರಿವರ್ಸ್ ಹೊಡೆಯಬೇಕಾದ ಗಾಡಿಗೆ ಇದು ಹಿಂಸೆ. ಎಂಜಿನ್ ಕಂಪನಿಯಿಂದ ಬಂದ ಹಾಗೇ ಇದ್ದರೆ ಪ್ಲೇಟೂ ಕಂಪನಿ ಅಳತೆಯದೇ ಇರಲಿ ಎಂಬುದು ನನ್ನ ಖಂಡಿತ ಅಭಿಪ್ರಾಯ.

ಪ್ಲೇಟ್ ಒಂದನ್ನೇ ಬದಲಿಸಿ ದುಡ್ಡು ಉಳಿಸಿದೆವು ಅಂದುಕೊಳ್ಳುವುದು ಇನ್ನೊಂದು ತಪ್ಪು ನಂಬಿಕೆ. ಗೇರ್ ಬಾಕ್ಸ್ ಇಳಿಸುವ ಕೂಲಿ ಪ್ಲೇಟಿಗೂ ಅಷ್ಟೇ, ಪೂರ್ತಿ ಸೆಟ್ಟಿಗೂ ಅಷ್ಟೇ. ಪ್ರೆಷರ್ ಪ್ಲೇಟಿನ ಮುಖದ ಮೇಲೆ ನೀಲಿ ಕಲೆ, ಕೂದಲೆಳೆಯ ಬಿರುಕು ಕಂಡರೆ, ಅದರ ಬೆರಳುಗಳ ತುದಿ ಸವೆದು ಗುಳಿ ಬಿದ್ದಿದ್ದರೆ, ಹೊಸ ಪ್ಲೇಟ್ ಅದರ ಜತೆ ಬಾಳುವುದಿಲ್ಲ. ರಿಲೀಸ್ ಬೇರಿಂಗ್ ಉಳಿಸಿ ತಿಂಗಳಲ್ಲಿ ಅದು ಕಿರುಚಲು ಶುರುಮಾಡಿದರೆ ಮತ್ತೆ ಅದೇ ಕೂಲಿ. ಫ್ಲೈವೀಲ್ ಗೀಚಿಕೊಂಡಿದ್ದರೆ ಲೇತ್‌ನಲ್ಲಿ ಮಟ್ಟ ಮಾಡಿಸಬಹುದು, ಕಂಪನಿ ಹೇಳಿದ ದಪ್ಪಕ್ಕಿಂತ ಕಡಿಮೆಯಾಗಬಾರದು ಅಷ್ಟೇ.

ಹಳೇ ಪ್ಲೇಟಿಗೆ ಲೈನಿಂಗ್ ಹೊಡೆಸಿದರೆ ಹೊಸದಾಗುವುದಿಲ್ಲ. ಎರಡು ಲೈನಿಂಗ್ ನಡುವಿನ ಅಲೆಯಂಥ ಸ್ಪ್ರಿಂಗ್ ತಗಡು, ನಡುವಿನ ಸುರುಳಿ ಸ್ಪ್ರಿಂಗುಗಳು, ಒಳಹಲ್ಲು ಎಲ್ಲವೂ ಹಳೆಯವೇ. ಹೊರಟಾಗ ಗಾಡಿ ಗಡಗಡ ನಡುಗುವುದು ಇದರಿಂದಲೇ ಎಷ್ಟೋ ಸಲ. ಅಗ್ಗದ ಲೈನಿಂಗಿನಲ್ಲಿ ಕಲ್ನಾರು, ಅಂದರೆ ಅಸ್ಬೆಸ್ಟಾಸ್, ಇರಬಹುದು. ಆದ್ದರಿಂದ ಕ್ಲಚ್ ಹೌಸಿಂಗಿನ ಧೂಳನ್ನು ಏರ್ ಹೊಡೆದು ಎಬ್ಬಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಶ್ವಾಸಕೋಶ ಮೆಕ್ಯಾನಿಕ್‌ನದು.

"ಪೆಡಲ್ ಗಟ್ಟಿ ಇದೆ, ಕ್ಲಚ್ ಚೆನ್ನಾಗಿದೆ." ಇದಂತೂ ತಲೆಕೆಳಗಾದ ನಂಬಿಕೆ. ಈಗಿನ ಪಿಕಪ್‌ಗಳಲ್ಲಿರುವ ಡಯಾಫ್ರಾಮ್ ಕ್ಲಚ್‌ನಲ್ಲಿ ಲೈನಿಂಗ್ ಸವೆದಷ್ಟೂ ಸ್ಪ್ರಿಂಗಿನ ಕೋನ ಬದಲಾಗಿ ಪೆಡಲ್ ಬಿಗಿಯಾಗುತ್ತಾ ಹೋಗುತ್ತದೆ. ಮೊದಲು ಹಗುರವಿದ್ದ ಪೆಡಲ್ ಈಚೆಗೆ ಗಟ್ಟಿಯಾಗಿದ್ದರೆ ಸೆಟ್ಟಿಗೆ ದುಡ್ಡು ಹೊಂದಿಸಿಕೊಳ್ಳುವುದು ಒಳ್ಳೆಯದು.

ಗೇರ್ ಬೀಳುತ್ತಿಲ್ಲ ಎಂದೊಡನೆ ಪ್ಲೇಟ್ ಹೋಯಿತು ಅನ್ನುವುದೂ ಸಲ್ಲದು. ಪ್ಲೇಟ್ ಸವೆದರೆ ಗೇರ್ ಸಲೀಸಾಗಿ ಬೀಳುತ್ತದೆ, ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗದು. ಗೇರ್ ಕರಕರ ಅಂದು ಬೀಳದಿದ್ದರೆ ಹೆಚ್ಚಾಗಿ ಕ್ಲಚ್ ಪೂರ್ತಿ ಬಿಡುತ್ತಿಲ್ಲ: ಆಯಿಲ್ ಇಳಿದಿದೆ, ಲೈನಿನಲ್ಲಿ ಗಾಳಿ ಸೇರಿದೆ ಅಥವಾ ಮಾಸ್ಟರ್ ಇಲ್ಲವೇ ಸ್ಲೇವ್ ಸಿಲಿಂಡರಿನ ವಾಷರ್ ಹೋಗಿದೆ. ಅದು ಗೇರ್ ಬಾಕ್ಸ್ ಇಳಿಸದೇ ಮುಗಿಯುವ ಕೆಲಸ. ಅನುಮಾನವಿದ್ದರೆ ಸಮತಟ್ಟಾದ ಬಯಲಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕ್ ಒತ್ತಿ, ಮೂರನೇ ಗೇರ್ ಹಾಕಿ ಕ್ಲಚ್ ನಿಧಾನ ಬಿಡಿ. ಎಂಜಿನ್ ತಕ್ಷಣ ಆಫ್ ಆದರೆ ಪ್ಲೇಟ್ ಹಿಡಿಯುತ್ತಿದೆ. ಆಫ್ ಆಗದೆ ಓಡುತ್ತಲೇ ಇದ್ದರೆ ಜಾರುತ್ತಿದೆ. ಒಂದೇ ಸಲ ಮಾಡಿ ನೋಡಿ, ಪದೇ ಪದೇ ಮಾಡಿದರೆ ಪರೀಕ್ಷೆಯೇ ಪ್ಲೇಟನ್ನು ಸುಡುತ್ತದೆ.

ಇನ್ನು ಕೊಳ್ಳುವ ವಿಚಾರ. "ಬೊಲೆರೊ ಪಿಕಪ್ ಕ್ಲಚ್ ಕೊಡಿ" ಅಂದರೆ ಸಾಲದು. 2017ರಲ್ಲಿ ಬಿಎಸ್ 4, 2020ರಲ್ಲಿ ಬಿಎಸ್ 6 ಬಂದಾಗ ಎಂಜಿನ್‌ಗಳು ಬದಲಾದವು. ಒಂದೇ ಹೆಸರಿನ ಎರಡು ಗಾಡಿಗಳ ಪ್ಲೇಟಿನ ಅಗಲವೂ ಒಳಹಲ್ಲಿನ ಲೆಕ್ಕವೂ ಬೇರೆಯಿರಬಹುದು. ಆರ್‌ಸಿ ಒಯ್ದು ಚಾಸಿಸ್ ನಂಬರಿನಿಂದ ಪಾರ್ಟ್ ನಂಬರ್ ತೆಗೆಸಿ. ಹಳೇ ಪ್ಲೇಟನ್ನು ಹೊಸದರ ಮೇಲಿಟ್ಟು ಅಗಲ ನೋಡಿ, ಹಲ್ಲು ಎಣಿಸಿ. ಕಂಪನಿ ಶೋರೂಮಿನ ಡಬ್ಬಿಯೇ ಆಗಬೇಕೆಂದಿಲ್ಲ. ಲುಕ್, ವ್ಯಾಲಿಯೊ, ಎಕ್ಸೆಡಿಯಂಥವರು ಕ್ಲಚ್ ಮಾಡುವುದರಲ್ಲಿ ಪಳಗಿದವರು. ಬಿಲ್ ಇಲ್ಲದೆ ಅರ್ಧ ಬೆಲೆಗೆ ಅದೇ ಹೆಸರಿನ ಡಬ್ಬಿ ಸಿಕ್ಕರೆ ಮಾತ್ರ ಮುಟ್ಟಬೇಡಿ.

ಕೂರಿಸುವಾಗ ಫ್ಲೈವೀಲ್ ಕಡೆ ಯಾವುದೆಂದು ಪ್ಲೇಟಿನ ಮೇಲೆ ಬರೆದಿರುವುದನ್ನು ಓದಿಸಿ, ತಿರುಗುಮುರುಗಾದರೆ ಕ್ಲಚ್ ಬಿಡುವುದಿಲ್ಲ. ಹೊಸ ಲೈನಿಂಗ್ ಫ್ಲೈವೀಲಿನ ಮುಖಕ್ಕೆ ಹೊಂದಿಕೊಳ್ಳಲು ಮೊದಲ ಕೆಲವು ನೂರು ಕಿಲೋಮೀಟರ್ ಬೇಕು. ಕೊಯ್ಲಿನ ನಡುವೆ ಗಾಡಿ ನಿಲ್ಲಿಸಿ ಎಂದರೆ ಯಾರೂ ಕೇಳರು. ಹೊಸ ಪ್ಲೇಟ್ ಹಾಕಿದ ಮೊದಲ ವಾರ ಅರ್ಧ ಲೋಡಿನಲ್ಲಿ ಎರಡು ಟ್ರಿಪ್ ಹೊಡೆಯಲಿ, ಪ್ರತಿ ಸಲವೂ ಫಸ್ಟ್ ಗೇರಿನಲ್ಲೇ ಹೊರಡಲಿ.