ಅಂಕಾಯಿ–ಟಂಕಾಯಿ: ಬಯಲು ನೆತ್ತಿಯ ಮೇಲೊಂದು ದಿನ

ಶಿರಡಿ ನೋಡಿ ಎಲ್ಲೋರದತ್ತ ಹೊರಡುವ ಕನ್ನಡಿಗರಲ್ಲಿ ಅನೇಕರು ವೈಜಾಪುರವನ್ನು ಹಾದುಹೋಗುತ್ತಾರೆ, ಇಳಿಯುವವರು ಕಡಿಮೆ. ಊರಿನ ರೈಲು ನಿಲ್ದಾಣ ರೋಟೆಗಾಂವ್. ಅಲ್ಲಿಂದ ಮನ್ಮಾಡ್ ಕಡೆಗೆ ಹೋಗುವ ಹಳಿಯ ಪಕ್ಕದಲ್ಲೇ, ನಾಶಿಕ ಜಿಲ್ಲೆಯ ಯೇವಲಾ ತಾಲ್ಲೂಕಿನಲ್ಲಿ, ಚಪ್ಪಟೆ ನೆತ್ತಿಯ ಎರಡು ಕೋಟೆಬೆಟ್ಟಗಳು ಎದ್ದು ನಿಂತಿವೆ. ಅವೇ ಅಂಕಾಯಿ ಮತ್ತು ಟಂಕಾಯಿ.

ಮಲೆನಾಡಿನ ಚಾರಣಕ್ಕೆ ಒಗ್ಗಿದವರಿಗೆ ಇದು ಬೇರೆಯೇ ನೆಲ. ಕುದುರೆಮುಖದ ಹುಲ್ಲುಬೆಟ್ಟಗಳ ಕಣಿವೆಗಳಲ್ಲಿ ಶೋಲಾ ಕಾಡಿನ ತಂಪಿದೆ. ಇಲ್ಲಿರುವುದು ಹುಲ್ಲು, ಕರಿಕಲ್ಲು, ಬೀಸುಗಾಳಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿ ದಖ್ಖನ್ನಿನ ಈ ನೆಲವಾಯಿತು. ಗಟ್ಟಿ ಪದರ ಕಡಿದಾದ ಬಂಡೆಗೋಡೆಯಾಗಿ ಉಳಿಯಿತು, ಮೆದು ಪದರ ಸವೆದು ಇಳಿಜಾರಾಯಿತು. ನೆತ್ತಿ ಮೈದಾನದಂತೆ, ಅಂಚು ಕೊಯ್ದಂತೆ ಇರುವುದು ಇದರಿಂದಲೇ.

ನಡಿಗೆ ಶುರುವಾಗುವುದು ಅಂಕಾಯಿ ಹಳ್ಳಿಯಿಂದ. ಟಂಕಾಯಿಯ ದಕ್ಷಿಣದ ಬಂಡೆಯಲ್ಲಿ ಜೈನ ಗುಹೆಗಳಿವೆ; ಮೊದಲನೆಯದು ಎರಡಂತಸ್ತಿನದು. ಬಾಗಿಲವಾಡಗಳ ಕೆತ್ತನೆಯ ಮುಂದೆ ಎಷ್ಟು ಹೊತ್ತು ನಿಂತರೂ ಸಾಲದು. ಈ ಸೀಮೆಯನ್ನು ಆಳಿದ ದೇವಗಿರಿಯ ಸೇವುಣರು ಕಲ್ಯಾಣ ಚಾಲುಕ್ಯರ ಸಾಮಂತರಾಗಿದ್ದವರು, ಕನ್ನಡದಲ್ಲೂ ನೂರಾರು ಶಾಸನ ಹಾಕಿಸಿದವರು. ಕನ್ನಡ ಓದುಗರಿಗೆ ಇದು ದೂರದ ನೆಲವಲ್ಲ.

ಗುಹೆ ದಾಟಿದರೆ ಎರಡು ಕೋಟೆಗಳ ನಡುವಿನ ಇಳುಕಲು ಸಿಗುತ್ತದೆ. ಒಂದು ಕಡೆ ಟಂಕಾಯಿಯ ಬಯಲು; ಇನ್ನೊಂದು ಕಡೆ, ಬಂಡೆಯಲ್ಲಿ ಕಡಿದ ಮೆಟ್ಟಿಲು ಮತ್ತು ಒಂದರ ಹಿಂದೊಂದು ಬಾಗಿಲು ದಾಟಿದರೆ ಅಂಕಾಯಿಯ ನೆತ್ತಿ. ಎತ್ತರ ಸುಮಾರು 3,200 ಅಡಿ. ಮೇಲೆ ಅಗಸ್ತ್ಯರ ಹೆಸರಿನ ಗುಹೆ, ಒಂದು ಕೆರೆ, ಅರಮನೆಯ ಕುಸಿದ ಗೋಡೆಗಳಿವೆ. ಅಂಚಿನಿಂದ ನೋಡಿದರೆ ಹಡಬೀಚಿ ಶೇಂಡಿ ಎಂಬ ಬಂಡೆ ಎತ್ತಿದ ಹೆಬ್ಬೆರಳಿನಂತೆ ಕಾಣುತ್ತದೆ.

ಸುತ್ತಲಿನ ಕಡಿದಾದ ಬಂಡೆಗೋಡೆಯೇ ಅಂಕಾಯಿ ಕೋಟೆಯ ನಿಜವಾದ ಬಲ. ಆದರೂ 1635ರಲ್ಲಿ ಷಹಜಹಾನನ ಸೇನಾಪತಿ ಕಿಲ್ಲೇದಾರನಿಗೆ ಲಂಚ ಕೊಟ್ಟು ಇದನ್ನು ವಶಪಡಿಸಿಕೊಂಡನೆಂದು ಹೇಳುತ್ತಾರೆ. 1818ರಲ್ಲಿ ಮ್ಯಾಕ್‌ಡೊವೆಲ್‌ನ ಬ್ರಿಟಿಷ್ ಪಡೆಗೆ ಕೋಟೆ ಕಾದಾಟವಿಲ್ಲದೆ ಶರಣಾಯಿತು.

ಮಳೆ ಮುಗಿದ ಮೇಲೆ, ಹುಲ್ಲು ಇನ್ನೂ ಹಸಿರಿರುವಾಗ ಹೋಗುವುದು ಒಳ್ಳೆಯದು. ಬೇಸಿಗೆಯ ನಡುಹಗಲು ಖಂಡಿತ ಬೇಡ. ಬೆಳಗ್ಗೆಯೇ ಹತ್ತಿರಿ, ನೀರು ಕೆಳಗಿನಿಂದಲೇ ಒಯ್ಯಿರಿ. ಕೋತಿಗಳ ಕಾಟವಿದೆ, ತಿಂಡಿ ಚೀಲದೊಳಗಿರಲಿ. ಗುಹೆಯ ಗೋಡೆಗಳ ಮೇಲೆ ದಯವಿಟ್ಟು ಹೆಸರು ಗೀಚಬೇಡಿ.